ಬಾಸೆಲ್ ಮಿಷನ್ನಿನ ಕುಟುಂಬಗಳ ಮನೆಯೊಳಗಿನ ಬದುಕು ಹೇಗಿತ್ತು?

ಕಡಲತೀರದ ಓದುಗ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದಂದಿನಿಂದ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾಗಿ ಈ ನಾಡನ್ನು ಬಿಡುವವರೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ ಮಾಡಿದ ಕೆಲಸದ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರವಣಿಗೆ ಇದೆ. 1841ರ ಮುದ್ರಣಾಲಯ, 1843ರ ‘ಮಂಗಳೂರ ಸಮಾಚಾರ’, ಜೆಪ್ಪುವಿನ ಹಂಚಿನ ಕಾರ್ಖಾನೆ, ಕಿಟ್ಟೆಲ್ ನಿಘಂಟು, ಇವು ಎಲ್ಲರಿಗೂ ತಿಳಿದವೇ. ಆದರೆ ಈ ಕೆಲಸ ಮಾಡಿದವರು ಸಂಜೆ ಮರಳುತ್ತಿದ್ದ ಮನೆ ಹೇಗಿತ್ತು, ಅಲ್ಲಿ ಹೆಂಡತಿಯರು ದಿನವನ್ನು ಹೇಗೆ ಕಳೆಯುತ್ತಿದ್ದರು, ಮಕ್ಕಳು ಯಾವ ಭಾಷೆಯಲ್ಲಿ ಆಡುತ್ತಿದ್ದರು, ಈ ನಾಡಿನಲ್ಲಿ ಅವರಿಗೆ ಹೊಸದಾಗಿ ಪ್ರಿಯವಾದದ್ದು ಯಾವುದು ಎಂಬುದು ಮಾತ್ರ ನನಗೆ ಎಲ್ಲಿಯೂ ಸರಿಯಾಗಿ ಸಿಕ್ಕಿಲ್ಲ. ನಮ್ಮ ಓದುಗರ ಬಳಗದಲ್ಲಿ ಈ ಕುರಿತು ಮಾತನಾಡಬೇಕಾಗಿದೆ. ಊಹೆಗಳಿಗಿಂತ ಆಧಾರವಿರುವ ಸಂಗತಿಗಳನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಕಡತ ಉತ್ತರಿಸಿದ್ದಾರೆ:

ಮದುವೆಯಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಈ ಮನೆಗಳು ಕಟ್ಟಿಕೊಂಡ ಬಗೆಯೇ ನಾವು ತಿಳಿದ ಸಂಸಾರಗಳಿಗಿಂತ ಬೇರೆಯಾಗಿತ್ತು. ಮಿಷನ್ನಿನ ಯುವಕರು ಅವಿವಾಹಿತರಾಗಿಯೇ ಇಲ್ಲಿಗೆ ಬರುತ್ತಿದ್ದರು. ಕೆಲವು ವರ್ಷ ಸೇವೆ ಮಾಡಿದ ಬಳಿಕವಷ್ಟೇ ಮದುವೆಗೆ ಅನುಮತಿ ಕೇಳಬಹುದಾಗಿತ್ತು, ಆ ಅನುಮತಿಯನ್ನು ಕೊಡುವ ಅಧಿಕಾರ ಬಾಸೆಲ್ ನಗರದಲ್ಲಿದ್ದ ಆಡಳಿತ ಸಮಿತಿಯದಾಗಿತ್ತು. ಹುಡುಗಿಯನ್ನು ಹುಡುಕುವುದರಲ್ಲಿಯೂ ಸಮಿತಿಯ ಕೈ ಇರುತ್ತಿತ್ತು. ಹೀಗಾಗಿ ಅನೇಕ ಹೆಣ್ಣುಮಕ್ಕಳು ಪತ್ರಗಳ ಮೂಲಕ, ಮುಂದಿನ ದಶಕಗಳಲ್ಲಿ ಒಂದು ಛಾಯಾಚಿತ್ರದ ಮೂಲಕ ಮಾತ್ರ ಬಲ್ಲ ಗಂಡಸನ್ನು ಮದುವೆಯಾಗಲು ಹಡಗು ಹತ್ತಿದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮುನ್ನ ಆಫ್ರಿಕವನ್ನು ಸುತ್ತಿ ಬರುವ ಹಡಗಿನ ಪ್ರಯಾಣವೆಂದರೆ ತಿಂಗಳುಗಟ್ಟಲೆಯ ಮಾತು.

ಫರ್ಡಿನಾಂಡ್ ಕಿಟ್ಟೆಲ್ ಅವರ ಸಂಸಾರವನ್ನೇ ನೋಡಿ. 1853ರಲ್ಲಿ ಬಂದ ಅವರು 1860ರಲ್ಲಿ ಪೌಲೀನ ಐತ್ ಎಂಬವರನ್ನು ಮದುವೆಯಾದರು. ಆಕೆ 1864ರಲ್ಲಿಯೇ ತೀರಿಕೊಂಡರು. 1867ರಲ್ಲಿ ಕಿಟ್ಟೆಲ್ ಆಕೆಯ ತಂಗಿ ಜೂಲಿಯವರ ಕೈಹಿಡಿದರು. ಇನ್ನು ಹರ್ಮನ್ ಮೋಗ್ಲಿಂಗ್ ಅವರು ತಮ್ಮ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಹೋದ ಮೇಲೆ ಅವರ ವಿಧವೆಯನ್ನು ಮದುವೆಯಾಗಿ, ಆ ಮಕ್ಕಳಿಗೆ ತಂದೆಯಾದರು. ಹೆಂಡತಿಯ ಅನಾರೋಗ್ಯದ ಕಾರಣದಿಂದ 1860ರಲ್ಲಿ ಕನ್ನಡ ನಾಡನ್ನೇ ಬಿಟ್ಟು ಹೋದರು. ಹಳೆಯ ಕನ್ನಡ ಕೃತಿಗಳ ಮಾಲೆಯಾದ ‘ಬಿಬ್ಲಿಯೊಥೆಕ ಕರ್ನಾಟಿಕ’ವನ್ನು ಹೊರತಂದ ಪಂಡಿತನೆಂದು ನಾವು ನೆನೆಯುವ ವ್ಯಕ್ತಿಯ ಬದುಕಿನ ಅತಿ ದೊಡ್ಡ ತಿರುವು ಮನೆಯೊಳಗಿನ ಕಾಯಿಲೆಯಿಂದ ಬಂದದ್ದೆಂಬುದನ್ನು ಚರಿತ್ರೆಯ ಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸುವುದು ನನಗೆ ಸರಿಯೆನಿಸುವುದಿಲ್ಲ.

ಹೆಂಡತಿಯರು ಮನೆವಾರ್ತೆಯನ್ನಷ್ಟೇ ನೋಡಿಕೊಳ್ಳುತ್ತಿರಲಿಲ್ಲ. ಹೆಣ್ಣುಮಕ್ಕಳ ಶಾಲೆ, ಹೊಲಿಗೆಯ ತರಗತಿ, ಅನಾಥ ಮಕ್ಕಳ ಪಾಲನೆ ಇವೆಲ್ಲವೂ ಹೆಚ್ಚಾಗಿ ಅವರ ಹೆಗಲ ಮೇಲಿದ್ದವು. ಮಲಬಾರಿನ ತಲಶ್ಶೇರಿಯಲ್ಲಿ, ಇದೇ ಮಿಷನ್ನಿನ ಹರ್ಮನ್ ಗುಂಡರ್ಟ್ ಅವರ ಹೆಂಡತಿ ಜೂಲಿ ಗುಂಡರ್ಟ್ ನಡೆಸಿದ ಹುಡುಗಿಯರ ವಸತಿಶಾಲೆ ಇದಕ್ಕೆ ಒಳ್ಳೆಯ ಉದಾಹರಣೆ.

ಮಡಿಕೇರಿ ದಾರಿ ಉತ್ತರಿಸಿದ್ದಾರೆ:

ಅವರಿಗೆ ಇಲ್ಲಿ ಪ್ರಿಯವಾದದ್ದು ಯಾವುದೆಂಬ ಪ್ರಶ್ನೆಗೆ ಉತ್ತರಿಸುವಾಗ ಒಂದು ಎಚ್ಚರಿಕೆ ಅಗತ್ಯ. ಇಲ್ಲಿಂದ ಹೋದ ವರದಿಗಳೂ ಪತ್ರಗಳ ಭಾಗಗಳೂ ಮಿಷನ್ನಿನ ‘ಹೈಡನ್‌ಬೋಟೆ’ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಅದನ್ನು ಓದುತ್ತಿದ್ದವರು ದೇಣಿಗೆ ಕೊಡುವ ಭಕ್ತರು. ಹಾಗಾಗಿ ಕಷ್ಟ, ಜ್ವರ, ಮತಾಂತರದ ಸುದ್ದಿಗಳಿಗೆ ಅಲ್ಲಿದ್ದ ಜಾಗ ಮಾವಿನಹಣ್ಣಿನ ರುಚಿಗಾಗಲಿ ಜಗಲಿಯ ಮೇಲಿನ ಸಂಜೆಗಾಗಲಿ ಸಿಗುವಂತಿರಲಿಲ್ಲ. ಅಚ್ಚಾದ ವರದಿಯನ್ನು ಮಾತ್ರ ಓದಿ ಈ ಜನ ಇಲ್ಲಿ ಏನನ್ನೂ ಸವಿಯಲಿಲ್ಲವೆಂದು ತೀರ್ಮಾನಿಸಬಾರದು.

ಅವರ ಮೆಚ್ಚುಗೆಯನ್ನು ಅವರು ಕೂಡಿಟ್ಟ ವಸ್ತುಗಳಲ್ಲಿ ಹುಡುಕಬೇಕೆಂಬುದು ನನ್ನ ಅಭಿಪ್ರಾಯ. ಧರ್ಮಪ್ರಚಾರಕ್ಕೆಂದು ಬಂದ ಮೋಗ್ಲಿಂಗ್ ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದರು. ಜನರ ನಂಬಿಕೆಗಳನ್ನು ಅರಿಯುವ ಉದ್ದೇಶವೂ ಅದರಲ್ಲಿತ್ತು, ನಿಜ. ಆದರೆ ಅಷ್ಟು ಶ್ರಮವನ್ನು ಉದ್ದೇಶವೊಂದೇ ಮಾಡಿಸಲಾರದು. ಕಿಟ್ಟೆಲ್ ನಿಘಂಟಿನಲ್ಲಿ ಅಡುಗೆಮನೆಯ ಮಾತು, ಹೊಲದ ಮಾತು, ಗಿಡಮರಗಳ ಹೆಸರು, ಗಾದೆ ಎಲ್ಲವೂ ಇವೆ. ಸುಮಾರು 70,000 ಪದಗಳ ಆ ಗ್ರಂಥವನ್ನು ಎಲ್ಲಿ ತೆರೆದರೂ ಜನರ ಮಾತಿಗೆ ಕಿವಿಗೊಟ್ಟು ವರ್ಷಗಟ್ಟಲೆ ಕುಳಿತವರೊಬ್ಬರು ಕಾಣುತ್ತಾರೆ.

ಮಳೆಗಾಲದ ಬಗ್ಗೆಯೂ ಒಂದು ಮಾತು. ಊರೂರು ಸುತ್ತಿ ಉಪದೇಶ ಮಾಡುವುದು ಒಣಗಾಲದ ಕೆಲಸವಾಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಅದು ಸಾಧ್ಯವಿರಲಿಲ್ಲ. ಆ ತಿಂಗಳುಗಳು ಮನೆಗೂ ಬರವಣಿಗೆಗೂ ಸೇರಿದ್ದವು. ಸೆಕೆಯಿಂದಲೂ ಜ್ವರದಿಂದಲೂ ಬಳಲಿದವರಿಗೆ ನೀಲಗಿರಿಯ ಕೇಟಿಯಲ್ಲಿದ್ದ ಮಿಷನ್ ಕೇಂದ್ರ ಆಸರೆಯಾಯಿತು, ಅಲ್ಲಿನ ಚಳಿ ಅವರ ತವರಿನ ಹವೆಗೆ ಹತ್ತಿರವಾಗಿತ್ತು.

ಧಾರವಾಡದ ಶಿಕ್ಷಕಿ ಉತ್ತರಿಸಿದ್ದಾರೆ:

ಮಕ್ಕಳ ವಿಷಯವನ್ನು ಇಲ್ಲಿ ಇನ್ನೂ ಯಾರೂ ಎತ್ತಿಲ್ಲ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. ಈ ಮನೆಗಳಲ್ಲಿ ಹುಟ್ಟಿದ ಮಕ್ಕಳು ಆಯಾಗಳ ಮಡಿಲಲ್ಲಿ ಬೆಳೆದರು. ತಾಯಿ ತಂದೆಯರು ವ್ಯಾಕರಣ ಹಿಡಿದು ಕಷ್ಟಪಟ್ಟು ಕಲಿಯುತ್ತಿದ್ದ ತುಳು, ಕನ್ನಡ, ಮಲಯಾಳಗಳು ಮಕ್ಕಳಿಗೆ ಸಲೀಸಾಗಿ ಬರುತ್ತಿದ್ದವು. ಇದನ್ನು ಕಂಡು ಸಂತೋಷಪಡುವ ಬದಲು ಮಿಷನ್ ಆತಂಕಪಟ್ಟಿತು. ಇಲ್ಲಿನ ಹವೆ ಮಕ್ಕಳ ದೇಹವನ್ನೂ ಇಲ್ಲಿನ ಸಹವಾಸ ಅವರ ನಡತೆಯನ್ನೂ ಕೆಡಿಸೀತೆಂಬ ಭಯದಿಂದ, ಶಾಲೆಯ ವಯಸ್ಸಿಗೆ ಬಂದೊಡನೆ ಅವರನ್ನು ಯೂರೋಪಿಗೆ ಕಳುಹಿಸುವ ಕ್ರಮ ನೆಲೆಗೊಂಡಿತು. ಅದಕ್ಕೆಂದೇ 1853ರಲ್ಲಿ ಬಾಸೆಲ್‌ನಲ್ಲಿ ಮಕ್ಕಳ ವಸತಿಗೃಹವೊಂದು ಆರಂಭವಾಯಿತು. ಆರೇಳು ವರ್ಷದ ಮಗು ಒಮ್ಮೆ ಹಡಗು ಹತ್ತಿದರೆ ಮತ್ತೆ ಹೆತ್ತವರನ್ನು ಕಾಣುವುದಕ್ಕೆ ಎಷ್ಟೋ ವರ್ಷಗಳು ಹಿಡಿಯುತ್ತಿದ್ದವು. ಕೆಲವರು ಕಾಣಲೇ ಇಲ್ಲ.

ಆ ಗೃಹ ಆರಂಭವಾಗುವುದಕ್ಕೂ ಮುನ್ನವೇ ಈ ಅಗಲಿಕೆಯನ್ನು ಅನುಭವಿಸಿದವರಲ್ಲಿ ಗುಂಡರ್ಟ್ ದಂಪತಿಗಳ ಮಗಳು ಮರೀ ಒಬ್ಬರು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಆಕೆಯನ್ನು ಎಳವೆಯಲ್ಲಿಯೇ ಯೂರೋಪಿನಲ್ಲಿ ಬಿಟ್ಟು ಹೆತ್ತವರು ಇಲ್ಲಿಗೆ ಮರಳಿದರು. 1857ರಲ್ಲಿ, ತರುಣಿಯಾದ ಮೇಲೆ, ಆಕೆ ಮಲಬಾರಿಗೆ ಬಂದು ಅವರನ್ನು ಕೂಡಿಕೊಂಡರು. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಹರ್ಮನ್ ಹೆಸ್ಸೆ ಆಕೆಯ ಮಗ.

ಅವರು ಇಲ್ಲಿ ಪಡೆದ ಪ್ರಿಯ ಸಂಗತಿಗಳನ್ನು ಹೇಳುವಾಗ ಈ ಅಗಲಿಕೆಯನ್ನೂ ದಯವಿಟ್ಟು ಹೇಳಿ. ತಾಯಂದಿರನ್ನು ನೋಯಿಸಿದ್ದು ಪರದೇಶದ ವಾಸಕ್ಕಿಂತ ಹೆಚ್ಚಾಗಿ ಸ್ವದೇಶದಿಂದ ಬಂದ ಈ ಕಟ್ಟಳೆ. ಮಕ್ಕಳನ್ನು ಸಾಕಿದ ಆಯಾಗಳನ್ನು ಅಗಲಿಕೆ ಎಷ್ಟು ಕಾಡಿತೋ, ಅವರಲ್ಲಿ ಹೆಚ್ಚಿನವರ ಹೆಸರು ಕೂಡ ಉಳಿದಿಲ್ಲ.

ಕಡಲತೀರದ ಓದುಗ:

ಮೂವರಿಗೂ ಕೃತಜ್ಞತೆಗಳು. ಮಕ್ಕಳ ವಸತಿಗೃಹದ ವಿಷಯ ನನಗೆ ತಿಳಿದೇ ಇರಲಿಲ್ಲ. ಮೂಲ ಪತ್ರಗಳನ್ನು ನೋಡಲು ದಾರಿಯಿದೆಯೇ?

ಹಳೆಯ ಕಡತ:

ಇದೆ. ಮಿಷನ್ನಿನ ದಾಖಲೆಗಳು ಬಾಸೆಲ್ ನಗರದಲ್ಲಿಯೇ ಇವೆ, ಛಾಯಾಚಿತ್ರಗಳಲ್ಲಿ ಬಹುಪಾಲು ಅಂತರ್ಜಾಲದಲ್ಲಿಯೂ ದೊರೆಯುತ್ತವೆ. ಬಂಗಲೆಯ ಮುಂದೆ ಕುಟುಂಬ ಕುಳಿತ ಚಿತ್ರಗಳಲ್ಲಿ ಅಂಚಿನಲ್ಲಿ ನಿಂತವರನ್ನೂ ಗಮನಿಸಿ, ಶಿಕ್ಷಕಿಯವರು ಹೇಳಿದ ಆಯಾಗಳು ಅಲ್ಲಿ ಸಿಗುತ್ತಾರೆ. ಗುಂಡರ್ಟ್ ಅವರ ಸಂಗ್ರಹ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿದೆ. ಪತ್ರಗಳು ಹಳೆಯ ಜರ್ಮನ್ ಕೈಬರಹದಲ್ಲಿರುವುದರಿಂದ ಇಂದಿನ ಜರ್ಮನ್ ಬಲ್ಲವರು ಕೂಡ ಆ ಲಿಪಿಯನ್ನು ಬೇರೆಯಾಗಿ ಕಲಿಯಬೇಕಾಗುತ್ತದೆ. ನಿಮ್ಮ ಬಳಗದ ಮಾತಿಗೆ ಒಂದೇ ಮನೆಯನ್ನು ಆರಿಸುವುದಾದರೆ 1860ರಿಂದ 1867ರವರೆಗಿನ ಕಿಟ್ಟೆಲ್ ಮನೆಯನ್ನು ಆರಿಸಿ. ವರ್ಷಗಳು ಖಚಿತವಾಗಿವೆ, ಮದುವೆ, ಸಾವು, ಮರುಮದುವೆ ಎಲ್ಲವೂ ಆ ಅವಧಿಯೊಳಗಿವೆ. 1862ರಲ್ಲಿ ಬಂದ ಅವರ ‘ಕಥಾಮಾಲೆ’ ಪೌಲೀನ ಬದುಕಿದ್ದಾಗಲೇ ಹೊರಬಂದ ಕನ್ನಡ ಕಾವ್ಯ.