ಕ್ರೈಂ ಕಿರುಚಿತ್ರಕ್ಕೆ ಠಾಣೆ ಸೆಟ್ ಬೇಕಾ? ನಮ್ಮ ತಂಡದಲ್ಲೇ ಜಗಳ

ಅಡಿಕೆ ತೋಟ: ತೀರ್ಥಹಳ್ಳಿ ಕಡೆ 15 ನಿಮಿಷದ ಕಿರುಚಿತ್ರ ಮಾಡ್ತಿದ್ದೀವಿ. ಸುಗ್ಗಿಯಲ್ಲಿ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ರಾತ್ರೋರಾತ್ರಿ ಕಳುವಾಗುತ್ತೆ. ಕಾವಲಿಗಿದ್ದ ಅಜ್ಜ ಬೆಳಿಗ್ಗೆ ಕೆರೆಯಲ್ಲಿ ಹೆಣವಾಗಿ ಸಿಗ್ತಾನೆ. ಅನುಮಾನ ಅವನ ತಮ್ಮನ ಮೇಲೆ. ಸ್ನೇಹಿತರೆಲ್ಲ ಸೇರಿ ಹಾಕಿದ 80 ಸಾವಿರ ಕೈಯಲ್ಲಿದೆ. ಒಳ್ಳೆ ಕ್ಯಾಮೆರಾ ಬಾಡಿಗೆಗೆ ತಂದು, ಠಾಣೆ ಸೆಟ್ ಹಾಕಿ ವಿಚಾರಣೆ ಸೀನ್ ಮಾಡೋಣ ಅಂತ ನಮ್ಮ ಕ್ಯಾಮೆರಾಮನ್ ಹಟ. ದುಡ್ಡು ಸಾಲುತ್ತಾ? ನೀವೇನಂತೀರಿ?

ಬೂಮ್ ಹಿಡಿಯೋನು: ಕ್ಯಾಮೆರಾ ಆಮೇಲೆ ನೋಡ್ಕೊಳ್ಳಿ, ಮೊದಲು ಸೌಂಡ್‌ಗೆ ದುಡ್ಡು ಎತ್ತಿಡಿ. ಮಲೆನಾಡಿನ ರಾತ್ರಿ ಜೀರುಂಡೆ ಸದ್ದು ಒಂದು ಟೇಕ್‌ನಲ್ಲಿ ಇದ್ದಂಗೆ ಇನ್ನೊಂದರಲ್ಲಿ ಇರಲ್ಲ. ಎಡಿಟ್ ಮಾಡುವಾಗ ಪ್ರತಿ ಕಟ್‌ನಲ್ಲೂ ಸದ್ದು ಹಾರುತ್ತೆ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ, ಒಂದೆರಡು ನಿಮಿಷ ಬರೀ ವಾತಾವರಣದ ಸದ್ದು ರೆಕಾರ್ಡ್ ಮಾಡ್ಕೊಳ್ಳಿ, ಅದೇ ನಿಮ್ಮನ್ನ ಕಾಪಾಡೋದು. ಡಬ್ಬಿಂಗ್ ನಂಬ್ಕೋಬೇಡಿ. ಊರಿನವರ ಕೈಲಿ ಮಾಡಿಸಿದ ಪಾತ್ರ ಸ್ಟುಡಿಯೋ ಮೈಕ್ ಮುಂದೆ ಸತ್ತೇ ಹೋಗುತ್ತೆ.

ಕರಿ ಕೋಟು: ಠಾಣೆ ಸೀನೇ ಯಾಕೆ ಬೇಕು ಅನ್ನೋದು ನನ್ನ ಪ್ರಶ್ನೆ. ಕೆರೆಯಲ್ಲಿ ಹೆಣ ಸಿಕ್ಕರೆ, ಕೊಲೆ ಅಂತ ಯಾರೂ ದೂರು ಕೊಡದಿದ್ದರೆ, ಮೊದಲು ದಾಖಲಾಗೋದು ಯುಡಿಆರ್, ಅಂದ್ರೆ ಅಸ್ವಾಭಾವಿಕ ಸಾವಿನ ಪ್ರಕರಣ. ಹಿಂದೆ ಅದಕ್ಕೆ ದಂಡ ಪ್ರಕ್ರಿಯಾ ಸಂಹಿತೆ, ಅಂದ್ರೆ ಸಿಆರ್‌ಪಿಸಿಯ 174ನೇ ಸೆಕ್ಷನ್ ಇತ್ತು, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ ಕಾಯ್ದೆಯ 194. ಪೊಲೀಸರು ಕೆರೆ ದಂಡೆಗೇ ಬಂದು ಶವ ಪಂಚನಾಮೆ ಮಾಡ್ತಾರೆ. ಪಂಚರು, ಅಂದ್ರೆ ಸಾಕ್ಷಿಗೆ ನಿಲ್ಲೋರು, ಅಕ್ಕಪಕ್ಕದ ಮನೆಯವರೇ. ಶವದ ಮೇಲೆ ಎಲ್ಲೆಲ್ಲಿ ಗಾಯ ಇದೆ ಅಂತ ಒಬ್ಬೊಬ್ಬರೂ ಬಗ್ಗಿ ನೋಡಬೇಕು, ಸಾವು ಹೇಗೆ ಆಗಿರಬಹುದು ಅಂತ ಬರೆದದ್ದಕ್ಕೆ ಸಹಿ ಹಾಕಬೇಕು. ಆ ಪಂಚರಲ್ಲಿ ಒಬ್ಬನಿಗೆ ಕಳುವಿನ ವಿಷಯ ಗೊತ್ತಿದ್ದು ಬಾಯಿ ಬಿಡದೆ ಸಹಿ ಹಾಕಿದರೆ? ನಿಮ್ಮ ಇಡೀ ಕಥೆ ಅಲ್ಲೇ ಇದೆ. ಸೆಟ್ ಖರ್ಚೂ ಇಲ್ಲ.

ಇನ್ನೊಂದು ಮಾತು. 2024ರ ಜುಲೈ 1ರ ನಂತರದ ಕೊಲೆಗೆ ಎಸ್‌ಐ ಬಾಯಲ್ಲಿ ಹಳೇ ಐಪಿಸಿಯ ‘302’ ಹಾಕಿಸಬೇಡಿ, ಐಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ನ 103 ಅದು.

ಫ್ರೇಮ್ ರೇಟ್: ವಕೀಲರೇ, ಪಂಚನಾಮೆ ಐಡಿಯಾ ಚೆನ್ನಾಗಿದೆ, ಒಪ್ತೀನಿ. ಆದ್ರೆ ವಿಚಾರಣೆ ಸೀನ್ ಕಿತ್ತು ಹಾಕಿ ಅನ್ನೋದು ತಪ್ಪು. ಇಬ್ಬರು ನಟರು, ಒಂದು ಮೇಜು, ಒಬ್ಬ ಸುಳ್ಳು ಹೇಳ್ತಿದ್ದಾನೆ: ನಟನೆಯ ತಾಕತ್ತು ಕಾಣೋದು ಅಲ್ಲೇ. ಅದಕ್ಕೆ ಸೆಟ್ ಬೇಕಿಲ್ಲ. ಹಳೇ ಸೊಸೈಟಿ ಕಟ್ಟಡದ ಒಂದು ರೂಮು, ತಲೆ ಮೇಲೆ ಟ್ಯೂಬ್‌ಲೈಟ್ ಸಾಕು. ನಮ್ಮ ಕರೆಂಟು 50 ಹರ್ಟ್ಸ್, ಕ್ಯಾಮೆರಾ ಶಟರ್ 1/50 ಸೆಕೆಂಡಿಗೆ ಇಟ್ಟರೆ ಟ್ಯೂಬ್‌ಲೈಟ್ ಮಿಣುಕಲ್ಲ.

ಬೂಮ್ ಹಿಡಿಯೋನು: ಹಳೇ ಟ್ಯೂಬ್‌ಲೈಟ್ ಚೋಕ್ ಗುಂಯ್‌ಗುಡುತ್ತೆ ಅಣ್ಣ. ಎಲ್‌ಇಡಿ ಹಾಕಿ.

ಪ್ರೊಡಕ್ಷನ್ ಅಕ್ಕ: ಕ್ಯಾಮೆರಾ, ಸೌಂಡ್ ಎರಡೂ ಸರಿ. ಊಟ, ಗಾಡಿ ಬಾಡಿಗೆ, ಹಾರ್ಡ್ ಡಿಸ್ಕ್ ಲೆಕ್ಕ ಯಾರೂ ಎತ್ತಲಿಲ್ಲ. ಶೂಟಿಂಗ್ ದಿನ ಒಂದು ಹೆಚ್ಚಾದರೆ ಇವೆಲ್ಲ ಹೆಚ್ಚಾಗುತ್ತೆ, ಅದಕ್ಕೇ ರಾತ್ರಿ ಸೀನ್ ಆದಷ್ಟು ಕಡಿಮೆ ಮಾಡಿ. ಹೆಣದ ಸೀನ್‌ಗೆ ಖಾಕಿ ಹಾಕಿಸ್ತೀರಂದ್ರೆ ಸ್ಥಳೀಯ ಠಾಣೆಗೆ ಮೊದಲೇ ಪತ್ರ ಕೊಟ್ಟು ಸ್ವೀಕೃತಿ ತಗೊಳ್ಳಿ, ಊರವರಿಗೂ ಹೇಳಿ. ಯಾರೋ ನಿಜ ಅಂದ್ಕೊಂಡು ಫೋನ್ ಮಾಡಿಬಿಟ್ಟರೆ ಅರ್ಧ ದಿನ ಹೋಯ್ತು. ಯೂಟ್ಯೂಬ್‌ಗೆ ಸೆನ್ಸಾರ್ ಬೇಕಿಲ್ಲ. ಥಿಯೇಟರ್‌ನಲ್ಲಿ ಸಾರ್ವಜನಿಕರಿಗೆ ತೋರಿಸೋದಾದ್ರೆ ಬೇಕು.

ಅಡಿಕೆ ತೋಟ: ಪಂಚರಲ್ಲಿ ಒಬ್ಬನನ್ನ ಚೇಣಿದಾರನನ್ನಾಗಿ, ಅಂದ್ರೆ ತೋಟದ ಫಸಲು ಗುತ್ತಿಗೆ ಹಿಡಿಯೋನನ್ನಾಗಿ ಮಾಡ್ತೀನಿ. ಅಡಿಕೆ ಎಲ್ಲಿಗೆ ಹೋಯ್ತು ಅನ್ನೋದು ಅವನಿಗೆ ಗೊತ್ತಿರುತ್ತೆ. ದೊಡ್ಡ ಕ್ಯಾಮೆರಾ ಬಿಟ್ಟೆ, ಆ ದುಡ್ಡು ಸೌಂಡ್‌ಗೆ. ವಿಚಾರಣೆ ಸೀನ್ ಇನ್ನೂ ಬಿಡೋಕೆ ಮನಸ್ಸಿಲ್ಲ.

ಕರಿ ಕೋಟು: ಇಟ್ಕೊಳ್ಳಿ, ಆದ್ರೆ ಬೂಟುಗಾಲಿನ ಒದೆ ಬೇಡ. ಬಂಧಿಸಿದವನನ್ನ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಆ ಗಡುವು ಎಸ್‌ಐ ತಲೆ ಮೇಲೆ ಕೂತಿರಲಿ, ಒತ್ತಡ ತಾನಾಗೇ ಬರುತ್ತೆ.

ಫ್ರೇಮ್ ರೇಟ್: ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದ್ರೆ ಮಳೆಗಾಲದಲ್ಲಿ ಶೂಟ್ ಇಟ್ಕೋಬೇಡಿ. ಅಂಗಳದಲ್ಲಿ ಅಡಿಕೆ ಇರಲ್ಲ, ನಮ್ಮ ಕಡೆಯವರು ಮೊದಲ ಶಾಟ್‌ನಲ್ಲೇ ಹಿಡಿದುಬಿಡ್ತಾರೆ.