ಸೋಲಾರ್ ಚಾರ್ಜಿಂಗ್ ಸ್ಟೇಷನ್ ಹಾಕಿದವರು ಅನುಭವ ಹೇಳಿ

ಹೊಸಬ: ನಮ್ಮಲ್ಲಿಗೆ ಇನ್ನೂ ಕರೆಂಟ್ ಲೈನ್ ಬಂದಿಲ್ಲ. ನಾಲ್ಕು ಇ-ರಿಕ್ಷಾ, ಎರಡು ಸ್ಕೂಟರ್ ಇವೆ. ಗಾಡಿಗಳು ಚಾರ್ಜ್‌ಗೆ ಸಿಗುವುದು ರಾತ್ರಿ ಮಾತ್ರ. ಹಗಲಿನ ಕರೆಂಟು ಕೂಡಿಡೋಕೆ ಬ್ಯಾಟರಿ ಬ್ಯಾಂಕ್ ಬೇಕೇ ಬೇಕಾ?

ಮೂರುಚಕ್ರ: ಬ್ಯಾಂಕ್ ಇಟ್ಟು ಕೈ ಸುಟ್ಟುಕೊಂಡವನು ನಾನು. 12 ವೋಲ್ಟ್, 150 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಟ್ಯೂಬುಲರ್ ಬ್ಯಾಟರಿ 16 ತಂದೆ. ಲೆಕ್ಕಕ್ಕೆ 28.8 ಯೂನಿಟ್. ಲೆಡ್ ಆಸಿಡ್‌ನಲ್ಲಿ ಅರ್ಧ ಮಾತ್ರ ತೆಗೆಯಬೇಕು ಅಂತ ಗೊತ್ತಿತ್ತು. ಇ-ರಿಕ್ಷಾ ಒಂದಕ್ಕೇ ಹತ್ತಿರಹತ್ತಿರ 5 ಯೂನಿಟ್. ಮೂರು ಗಾಡಿಗೆ ಆ ಅರ್ಧ ಮುಗಿಯಿತು. ರಾತ್ರಿ ಹನ್ನೊಂದಕ್ಕೆ ನಾಲ್ಕನೆಯವನು ಬಂದು ನಿಂತರೆ ಇಲ್ಲ ಅನ್ನೋಕೆ ಆಗುತ್ತಾ? ಎರಡನೇ ವರ್ಷ ಆಸಿಡ್ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟು ನೋಡಿದೆ. ಹೊಸದರಲ್ಲಿ 1.24 ತೋರಿಸುತ್ತಿದ್ದದ್ದು ಫುಲ್ ಚಾರ್ಜ್ ಆದ ಮೇಲೂ 1.15 ದಾಟಲಿಲ್ಲ. ಹಾಕಿದ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಬ್ಯಾಟರಿಗಳಿಗೇ ಹೋಗಿತ್ತು. ಆಮೇಲೆ ಸಾಲ ಮಾಡಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿದೆ. ಅದರಲ್ಲಿ 80% ಧೈರ್ಯವಾಗಿ ತೆಗೆಯಬಹುದು.

ಬಿಸಿಲುಕೋಲು: ಅದು ಬ್ಯಾಟರಿಯ ತಪ್ಪಲ್ಲ. ಬ್ಯಾಟರಿ ತೀರಾ ಇಳಿದರೆ ತಾನೇ ನಿಲ್ಲಿಸುವ ಲೋ ವೋಲ್ಟೇಜ್ ಕಟಾಫ್ ಇಟ್ಟಿದ್ದರೆ ಉಳಿಯುತ್ತಿತ್ತು. ನಾನು ಬ್ಯಾಂಕೇ ಇಟ್ಟಿಲ್ಲ. ಗಾಡಿಗೆ ಎರಡೆರಡು ಸೆಟ್ ಬ್ಯಾಟರಿ, ಒಂದು ರಸ್ತೆ ಮೇಲೆ, ಒಂದು ಚಾರ್ಜ್‌ನಲ್ಲಿ. ಪ್ಯಾನೆಲ್‌ನಿಂದ ಎಂಪಿಪಿಟಿ (ಪ್ಯಾನೆಲ್ ಕೊಡುವಷ್ಟೂ ಎಳೆದುಕೊಳ್ಳುವ ಚಾರ್ಜ್ ಕಂಟ್ರೋಲರ್), ಅಲ್ಲಿಂದ ನೇರ ಬ್ಯಾಟರಿಗೆ. ಪ್ಯಾನೆಲ್ ಕೊಡುವ ಡಿಸಿಯನ್ನು ಮನೆ ಕರೆಂಟಿನಂಥ ಎಸಿ ಮಾಡಿ, ಚಾರ್ಜರ್‌ನಲ್ಲಿ ಮತ್ತೆ ಡಿಸಿ ಮಾಡಿ ಎರಡು ಕಡೆ ಕಳೆದುಕೊಳ್ಳೋದು ಯಾಕೆ? ಕಷ್ಟ ಇದ್ದದ್ದು ಕನೆಕ್ಟರ್‌ನಲ್ಲಿ. ದಿನಾ ತೆಗೆದು ಹಾಕಿ ಪಿನ್ ಸಡಿಲವಾಗಿ, ಒಂದು ಮಧ್ಯಾಹ್ನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು.

ಮೂರುಚಕ್ರ: ಕಟಾಫ್ ಇತ್ತು ರೀ. ನಾನಿಲ್ಲದಾಗ ಡ್ರೈವರ್‌ಗಳು ವೈರ್ ಹಾಕಿ ಬೈಪಾಸ್ ಮಾಡಿದರು. ಎರಡೆರಡು ಸೆಟ್ ಕೊಳ್ಳುವ ಶಕ್ತಿ ಇದ್ದವರಿಗೆ ಬುದ್ಧಿ ಹೇಳೋದು ಸುಲಭ. ಮೂರು ದಿನ ಮೋಡ ಮುಚ್ಚಿದರೆ ಏನು ಮಾಡ್ತೀರಿ?

ಹೊಳೆಬದಿ: ಮಳೆ ಮೋಡ ಬಂದರೆ ನಮಗೆ ಒಳ್ಳೇದೇ. ಹಳ್ಳದ ನೀರನ್ನು 20 ಮೀಟರ್ ಮೇಲಿಂದ ಪೈಪಲ್ಲಿ ಇಳಿಸಿದ್ದೇವೆ, ಸೆಕೆಂಡಿಗೆ 10 ಲೀಟರ್. ಎಲ್ಲ ಕಳೆದು 1 ಕಿಲೋವ್ಯಾಟ್ ಸಿಗುತ್ತೆ. ಕಡಿಮೆ ಅನ್ನಿಸುತ್ತೆ ಅಲ್ವಾ? ಆದರೆ ರಾತ್ರಿಯೂ ನಿಲ್ಲಲ್ಲ, ದಿನಕ್ಕೆ 24 ಯೂನಿಟ್. ಟರ್ಬೈನ್‌ಗಿಂತ ಪೈಪಿಗೇ ಖರ್ಚು ಜಾಸ್ತಿ. ಜಾಲರಿಗೆ ಎಲೆ ಕಟ್ಟಿಕೊಂಡರೆ ಕರೆಂಟು ಬಿದ್ದುಹೋಗುತ್ತೆ. ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು, ಸೊಂಟದ ತನಕ ನೀರಲ್ಲಿ ನಿಂತು ಕೈಯಲ್ಲೇ ಎಲೆ ಬಾಚಿದ್ದೇನೆ.

ಬಿಸಿಲುಕೋಲು: ಬೇಸಿಗೆಯಲ್ಲಿ ಹಳ್ಳ ಬತ್ತಿದ ಮೇಲೆ?

ಹೊಳೆಬದಿ: ಎರಡು ತಿಂಗಳು ಬತ್ತುತ್ತೆ, ಒಪ್ಪುತ್ತೇನೆ. ನಿಮ್ಮ ಬಿಸಿಲು ದಿನಾ ಸಂಜೆ ಬತ್ತುತ್ತೆ.

ಗುಡ್ಡದಮೇಲೆ: ಗಾಳಿ ಯಂತ್ರದ ಮಾತು ಯಾರೂ ಎತ್ತಲಿಲ್ಲ, ಹಾಗಾಗಿ ಹೇಳುತ್ತೇನೆ. ಗಾಳಿಯ ವೇಗ ಅರ್ಧವಾದರೆ ಸಿಗುವುದು ಎಂಟರಲ್ಲಿ ಒಂದು ಪಾಲು. ನಾನು ಕಂಬ ಗಿಡ್ಡ ಹಾಕಿಸಿ ಕೆಟ್ಟೆ, ಮರಗಳೇ ಗಾಳಿ ತಡೆದವು. ಬೇರಿಂಗ್ ಬದಲಾಯಿಸಲು ಕಂಬ ಇಳಿಸೋಕೆ ಆರು ಜನ ಬೇಕಾಯಿತು.

ಹೊಸಬ: ಗಾಡಿ ರಾತ್ರಿ ಮಾತ್ರ ಸಿಗುತ್ತೆ ಅಂತ ಬರೆದಿದ್ದೆ. ಹತ್ತು 330 ವ್ಯಾಟ್ ಪ್ಯಾನೆಲ್ ಸಾಕಾ?

ಬಿಸಿಲುಕೋಲು: ಒಳ್ಳೆ ಬಿಸಿಲಲ್ಲಿ 13 ಯೂನಿಟ್ ಬಂದರೆ ಹೆಚ್ಚು. ನಾಲ್ಕು ರಿಕ್ಷಾ ಖಾಲಿಯಾಗಿ ಬಂದರೆ ಸಾಲಲ್ಲ. ದಿನಾ ಒರೆಸಿ. ನಾನು ಮಧ್ಯಾಹ್ನವೇ ಬೋರ್ ನೀರು ಹಾಕಿ ತೊಳೆಯುತ್ತೇನೆ.

ಮೂರುಚಕ್ರ: ಕಾದ ಗಾಜಿಗೆ ತಣ್ಣೀರಾ? ಅದೂ ಗಡಸು ನೀರು! ಹಾಗೆ ಮಾಡಿಯೇ ನನ್ನ ಎರಡು ಪ್ಯಾನೆಲ್ ಮೇಲೆ ಬಿಳಿ ಕಲೆ ಕೂತಿದೆ, ಉಜ್ಜಿದರೂ ಹೋಗಲ್ಲ. ಬೆಳಗ್ಗೆ ಬಿಸಿಲೇರುವ ಮೊದಲು ತೊಳೀಬೇಕು.

ಬಿಸಿಲುಕೋಲು: ನಾಲ್ಕು ವರ್ಷದಿಂದ ತೊಳೆಯುತ್ತಿದ್ದೇನೆ. ಒಂದೂ ಒಡೆದಿಲ್ಲ.