ಸಹಾಯ ಬೇಕು: ಪಿಆರ್ ರಿಪೋರ್ಟ್‌ನಲ್ಲಿ ಎವಿಇ ಬದಲು ಏನು ಕೊಡಲಿ?

ನಮಸ್ಕಾರ. ನಾನು ತುಮಕೂರಿನವಳು, ಬೆಂಗಳೂರಿನ ಒಂದು ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿಯಲ್ಲಿ ಕೆಲಸ. ದಿನಾ ರೈಲಿನಲ್ಲೇ ಓಡಾಟ, ಈ ಪೋಸ್ಟ್ ಬರೆಯುತ್ತಿರುವುದೂ ಅಲ್ಲೇ!

ವಸಂತನರಸಾಪುರದ ಒಂದು ಕಾರ್ಖಾನೆ ನಮ್ಮ ಕ್ಲೈಂಟ್. ಹೋದ ತಿಂಗಳು ಅವರ ಸುದ್ದಿ ಜಿಲ್ಲಾ ಪುಟದಲ್ಲಿ ಮೂರು ಕಾಲಂ, 12 ಸೆಂಟಿಮೀಟರ್ ಬಂತು. ನಾನೇ ಸ್ಕೇಲ್ ಹಿಡಿದು ಅಳೆದೆ. ಈಗ ಆ 36 ಕಾಲಂ ಸೆಂಟಿಮೀಟರ್‌ಗೆ ಜಾಹೀರಾತಿನ ರೇಟ್ ಹಾಕಿ ಮೊತ್ತ ಬರೆದುಕೊಡಿ ಎನ್ನುತ್ತಾರೆ. ಅದೇ ಎವಿಇ, ಅಂದರೆ ಸುದ್ದಿ ಬಂದಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಆಗುತ್ತಿದ್ದ ಖರ್ಚು. ಇದು ಪಿಆರ್‌ನ ಬೆಲೆ ಅಲ್ಲ ಎಂದು ಪಿಆರ್ ಕೆಲಸವನ್ನು ಅಳೆಯುವ ಬಗ್ಗೆ ಈ ಕ್ಷೇತ್ರದವರೇ ಒಪ್ಪಿಕೊಂಡ 2010ರ ಬಾರ್ಸಿಲೋನಾ ತತ್ವಗಳಲ್ಲೇ ಹೇಳಿದ್ದಾರೆ. ಅದನ್ನೂ ವಿವರಿಸಿದೆ. "ಅದೆಲ್ಲ ಇರಲಿ ಮೇಡಂ, ರೂಪಾಯಿ ಎಷ್ಟು?" ಎಂದರು.

ವೆಬ್‌ಸೈಟ್‌ಗೆ ಎಷ್ಟು ಜನ ಬಂದರು ಎಂಬ ಲೆಕ್ಕವನ್ನೂ ಕೊಟ್ಟೆ. ಆದರೆ ಅವರ ಡೀಲರ್‌ಗಳು ಆರ್ಡರ್ ಕೊಡೋದು ಫೋನಲ್ಲಿ, ವೆಬ್‌ಸೈಟ್ ಯಾರು ನೋಡ್ತಾರೆ? ನನ್ನ ಬಾಸ್ ಬೇರೆ, ಸುಮ್ನೆ ಕೇಳಿದ್ದು ಕೊಟ್ಟುಬಿಡು ಅಂತಾರೆ. ನನಗೆ ಮನಸ್ಸಿಲ್ಲ.

ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ: ಸುದ್ದಿ ಓದಿ ಫೋನ್ ಮಾಡಿದವರು ಯಾರು, ಮೊದಲಿನಿಂದಲೂ ಮಾಡುತ್ತಿದ್ದವರು ಯಾರು ಅಂತ ಬೇರೆ ಮಾಡೋದು ಹೇಗೆ? ಸಣ್ಣ ಊರಿನ ಕ್ಲೈಂಟ್‌ಗೆ ಇಂಥ ಲೆಕ್ಕ ಮಾಡಿಕೊಟ್ಟವರು ಇದ್ದರೆ, ನಿಮ್ಮ ರಿಪೋರ್ಟ್‌ನಲ್ಲಿ ಏನೇನು ಹಾಕಿದಿರಿ ಹೇಳ್ತೀರಾ?